ವೈದ್ಯಶಿರೋಮಣಿ ರುಡಾಲ್ಫ್ ವಿರ್ಚೋ

ಪ್ರೌಢಶಾಲೆಯಲ್ಲಿ ಜೀವಕೋಶಗಳ ಪಾಠವನ್ನು ಓದಿದವರೆಲ್ಲರ ಕಣ್ಣಿಗೂ ರುಡಾಲ್ಫ್ ವಿರ್ಚೋ ಎಂಬ ಹೆಸರು ಒಮ್ಮೆಯಾದರೂ ಬಿದ್ದಿರುತ್ತದೆ. ಒಂದು ಜೀವಕೋಶವು ಮತ್ತೊಂದು ಜೀವಕೋಶದಿಂದಲೇ ಹುಟ್ಟತಕ್ಕದ್ದು, ಬರಿಯ ರಸದಿಂದ ತಾನಾಗಿ ಹುಟ್ಟಲಾರದು ಎಂದು ಸಾರಿದ ಜರ್ಮನ್ ಪಂಡಿತನೆಂಬ ಒಂದೇ ಒಂದು ಸಾಲು ಅಲ್ಲಿರುತ್ತದೆ. ಪರೀಕ್ಷೆಯಲ್ಲಿ ಒಂದು ಅಂಕಕ್ಕಾಗಿ ಆ ಸಾಲನ್ನು ಬರೆದು, ಬೇಸಗೆಯ ರಜೆಯಲ್ಲಿ ಆತನನ್ನು ಮರೆತುಬಿಡುವುದು ನಮ್ಮೆಲ್ಲರ ವಾಡಿಕೆ. ಆದರೆ ಆ ಮಾತನ್ನು ಹೇಳುವುದಕ್ಕೆ ಎಷ್ಟೋ ವರ್ಷಗಳ ಮೊದಲೇ, ಇನ್ನೂ ಇಪ್ಪತ್ತನಾಲ್ಕು ಇಪ್ಪತ್ತೈದರ ತರುಣನಾಗಿದ್ದಾಗ, ಈತನು ಶವಪರೀಕ್ಷೆಯ ಕೋಣೆಯಲ್ಲಿ ನಿಂತು ಇನ್ನೊಂದು ಸಂಗತಿಯನ್ನು ಕಂಡುಹಿಡಿದನು. ಇಂದು ಲಕ್ವ ಹೊಡೆದು ಬಿದ್ದವನನ್ನು ಹೊತ್ತಿಗೆ ಸರಿಯಾಗಿ ದೊಡ್ಡ ಆಸ್ಪತ್ರೆಗೆ ಸೇರಿಸಿದರೆ, ಮೆದುಳಿನ ರಕ್ತನಾಳದಲ್ಲಿ ಸಿಕ್ಕಿಕೊಂಡ ಹೆಪ್ಪನ್ನು ಕರಗಿಸಲು ಮದ್ದನ್ನು ಚುಚ್ಚುತ್ತಾರೆ. ಅದರ ಬೆನ್ನಿಗೇ ತೊಡೆಯ ಸಂದಿನಿಂದ ಸಣ್ಣ ಕೊಳವೆಯನ್ನು ಮೆದುಳಿನವರೆಗೆ ನಡೆಸಿ ಹೆಪ್ಪನ್ನು ಹಿಡಿದು ಹೊರಕ್ಕೆ ಎಳೆಯುತ್ತಾರೆ. ಮದ್ದೂ ಬಲೆಯೂ ಕೂಡಿದ ಈ ಚಿಕಿತ್ಸೆಯ ತಾಯಿಬೇರು ಆ ತರುಣನು ಕಂಡ ಸಂಗತಿಯಲ್ಲಿದೆ.

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಗೆ ವೈದ್ಯನೊಬ್ಬನ ಚರಿತ್ರೆ ಏತಕ್ಕೆಂದು ವಾಚಕರು ಕೇಳಬಹುದು. ನಾನು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳನ್ನು ಓದುತ್ತಿರುವ ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ. ವಿರ್ಚೋನ ಬಾಳಿನಲ್ಲಿ ಈ ಮೂರು ಶಾಸ್ತ್ರಗಳೂ ವೈದ್ಯದಷ್ಟೇ ಇವೆ. ಹೆಸರಿನ ವಿಷಯವಾಗಿ ಒಂದು ಮಾತು: ಜರ್ಮನರ ಬಾಯಲ್ಲಿ ಅದು ಫಿರ್ಖೋ ಎಂಬಂತೆ ಕೇಳಿಸುತ್ತದೆಯಂತೆ. ನಮ್ಮ ಪಠ್ಯಪುಸ್ತಕಗಳಲ್ಲಿ ವಿರ್ಚೋ ಎಂದೇ ರೂಢಿಯಾಗಿರುವುದರಿಂದ ನಾನೂ ಹಾಗೆಯೇ ಬರೆದಿದ್ದೇನೆ.

ಈತನು ಹುಟ್ಟಿದ್ದು ೧೮೨೧ನೆಯ ಇಸವಿ ಅಕ್ಟೋಬರ್ ೧೩ರಂದು, ಪ್ರಷ್ಯ ರಾಜ್ಯದ ಪೊಮೆರೇನಿಯ ಪ್ರಾಂತದ ಶೀಫೆಲ್‌ಬೈನ್ ಎಂಬ ಸಣ್ಣ ಊರಿನಲ್ಲಿ. ಆ ಊರು ಈಗ ಪೋಲೆಂಡಿಗೆ ಸೇರಿದೆ. ತಂದೆ ಬೇಸಾಯಗಾರ, ಜೊತೆಗೆ ಊರಿನ ಖಜಾನೆಯ ಲೆಕ್ಕವನ್ನೂ ನೋಡಿಕೊಳ್ಳುತ್ತಿದ್ದನು. ಮನೆಗೆ ಒಬ್ಬನೇ ಮಗ. ಹುಡುಗನಿಗೆ ಭಾಷೆಗಳಲ್ಲಿ ಬಹಳ ಚುರುಕು. ಮೊದಲು ಪಾದ್ರಿಯಾಗಬೇಕೆಂಬ ಆಲೋಚನೆ ಇದ್ದಿತಂತೆ. ಉಪದೇಶ ಮಾಡುವಷ್ಟು ಗಂಟಲಿಲ್ಲವೆಂದು ಅದನ್ನು ಕೈಬಿಟ್ಟನೆಂದು ಚರಿತ್ರಕಾರರು ಹೇಳುತ್ತಾರೆ. ಮುಂದೆ ಬಿಸ್ಮಾರ್ಕನಂಥವನ ಎದುರಿಗೆ ನಿಂತು ಶಾಸನಸಭೆಯಲ್ಲಿ ಮಾತನಾಡಿದವನು ಇವನೇ ಎಂಬುದನ್ನು ನೆನೆದರೆ ನಗು ಬರುತ್ತದೆ. ವೈದ್ಯ ಓದಿಸುವಷ್ಟು ಅನುಕೂಲ ಮನೆಯಲ್ಲಿರಲಿಲ್ಲ. ಬರ್ಲಿನ್ನಿನಲ್ಲಿ ಸೈನ್ಯದ ವೈದ್ಯರನ್ನು ತಯಾರು ಮಾಡುವ ಸರ್ಕಾರಿ ಸಂಸ್ಥೆಯೊಂದಿತ್ತು. ಅಲ್ಲಿ ಬುದ್ಧಿವಂತ ಬಡ ಹುಡುಗರಿಗೆ ಓದು ಪುಕ್ಕಟೆ. ಆಮೇಲೆ ಕೆಲವು ವರ್ಷ ಸರ್ಕಾರದ ಚಾಕರಿ ಮಾಡಬೇಕು. ೧೮೩೯ರಲ್ಲಿ ವಿರ್ಚೋ ಅಲ್ಲಿಗೆ ಸೇರಿದನು. ವಿದ್ಯಾರ್ಥಿವೇತನ ಬಂದ ತಿಂಗಳು ಪುಸ್ತಕ, ಬಾರದ ತಿಂಗಳು ಸಾಲ ಎಂದು ಓದುತ್ತಿರುವ ನಮ್ಮಲ್ಲಿ ಹಲವರಿಗೆ ಈ ಸಂಗತಿ ಆಪ್ತವೆನಿಸುವುದರಲ್ಲಿ ಸಂಶಯವಿಲ್ಲ.

ಯೋಹಾನೆಸ್ ಮ್ಯೂಲರ್ ಎಂಬ ಶರೀರಶಾಸ್ತ್ರದ ಮಹಾಗುರುವಿನ ಕೈಕೆಳಗೆ ಕಲಿತು, ೧೮೪೩ರಲ್ಲಿ ಪದವಿಯನ್ನು ಪಡೆದು, ವಿರ್ಚೋ ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯನ್ನು ಸೇರಿದನು. ಅಲ್ಲಿ ಶವಪರೀಕ್ಷೆಯ ಅಧಿಕಾರಿಯಾಗಿದ್ದ ಫ್ರೋರೀಪ್ ಎಂಬಾತನು ಈ ಹುಡುಗನಿಗೆ ಒಂದು ವಿಷಯವನ್ನು ಕೊಟ್ಟು ಶೋಧಿಸೆಂದನು. ವಿಷಯವೆಂದರೆ ಸಿರೆಗಳ ಉರಿಯೂತ. ಹೃದಯದಿಂದ ರಕ್ತವನ್ನು ಹೊರಕ್ಕೆ ಒಯ್ಯುವ ನಾಳ ಧಮನಿ, ಹೃದಯಕ್ಕೆ ಮರಳಿ ತರುವ ನಾಳ ಸಿರೆ. ಇಷ್ಟನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದು ಸುಲಭ. ಪ್ಯಾರಿಸಿನಲ್ಲಿ ಕ್ರೂವೆಲ್ಯೇ ಎಂಬ ಘನ ವಿದ್ವಾಂಸನೊಬ್ಬನಿದ್ದನು. ಸಿರೆಗಳ ಉರಿಯೂತವೇ ಸಕಲ ರೋಗಗಳನ್ನೂ ಆಳುತ್ತದೆಯೆಂಬುದು ಅವನ ಮತ. ನಾಳದೊಳಗೆ ಎಲ್ಲಿ ಹೆಪ್ಪು ಕಂಡರೂ ಆ ನಾಳ ಅಲ್ಲಿಯೇ ಉರಿದು ಊದಿಕೊಂಡು ಹೆಪ್ಪನ್ನು ಹುಟ್ಟಿಸಿತೆಂದು ಯೂರೋಪಿನ ವೈದ್ಯರು ನಂಬಿದ್ದರು. ಹಿರಿಯರು ಹೇಳಿದ್ದಾರೆ, ಗ್ರಂಥದಲ್ಲಿದೆ, ಇನ್ನೇನು ಬೇಕು?

ವಿರ್ಚೋ ಗ್ರಂಥವನ್ನು ಪಕ್ಕಕ್ಕಿಟ್ಟು ಶವಗಳನ್ನು ನೋಡತೊಡಗಿದನು. ಶ್ವಾಸಕೋಶದ ನಾಳದಲ್ಲಿ ಹೆಪ್ಪು ಸಿಕ್ಕಿ ಸತ್ತವರಲ್ಲಿ ಆ ನಾಳದ ಗೋಡೆ ಎಷ್ಟೋ ವೇಳೆ ಶುದ್ಧವಾಗಿರುತ್ತಿತ್ತು. ಉರಿಯೂತದ ಗುರುತೇ ಇಲ್ಲ. ಹಾಗಿದ್ದರೆ ಹೆಪ್ಪು ಬಂದದ್ದೆಲ್ಲಿಂದ? ಅವನು ಅದೇ ಶವಗಳ ಕಾಲಿನ ಸಿರೆಗಳನ್ನು ಬಿಡಿಸಿ ನೋಡಿದನು. ಅಲ್ಲಿ ಹಳೆಯ ಹೆಪ್ಪು ಕೂತಿತ್ತು. ಅದರ ತುದಿ ಮುರಿದಂತಿತ್ತು. ಶ್ವಾಸಕೋಶದಲ್ಲಿ ಸಿಕ್ಕಿದ ತುಂಡಿಗೂ ಆ ಮುರಿದ ತುದಿಗೂ ಹೊಂದಿಕೆಯಿತ್ತು. ಒಡೆದ ಮಡಕೆಯ ಎರಡು ಚೂರುಗಳನ್ನು ಜೋಡಿಸಿ ನೋಡುವಂತೆ ಅವನು ಜೋಡಿಸಿ ನೋಡಿದನೆನ್ನಬೇಕು. ಅಷ್ಟಕ್ಕೂ ತೃಪ್ತಿಯಿಲ್ಲದೆ, ನಾಯಿಗಳ ಕುತ್ತಿಗೆಯ ಸಿರೆಯಲ್ಲಿ ರಬ್ಬರಿನ ಚೂರುಗಳನ್ನೂ ಮಾಂಸದ ಚೂರುಗಳನ್ನೂ ಹೆಪ್ಪಿನ ತುಂಡುಗಳನ್ನೂ ಬಿಟ್ಟು, ಅವು ಹೃದಯವನ್ನು ಹಾದು ಶ್ವಾಸಕೋಶದಲ್ಲಿ ಹೋಗಿ ಸಿಕ್ಕಿಕೊಳ್ಳುವುದನ್ನು ತೋರಿಸಿದನು. ರಬ್ಬರಿಗೆ ಉರಿಯೂತವೆಲ್ಲಿ ಬಂತು? ಒಂದೆಡೆ ಹುಟ್ಟಿದ ಹೆಪ್ಪು ಮುರಿದು, ರಕ್ತದ ಹರಿವಿನಲ್ಲಿ ತೇಲಿ, ಇನ್ನೊಂದೆಡೆ ನಾಳ ಕಿರಿದಾದಲ್ಲಿ ಬೆಣೆಯಂತೆ ಕೂರುತ್ತದೆ ಎಂಬುದು ಸಿದ್ಧವಾಯಿತು.

ಹುಟ್ಟಿದೆಡೆಯಲ್ಲೇ ಇರುವ ಹೆಪ್ಪಿಗೆ ಥ್ರಾಂಬಸ್ ಎಂದೂ ತೇಲಿಹೋಗಿ ಅಡ್ಡಗಟ್ಟುವ ತುಂಡಿಗೆ ಎಂಬೋಲಸ್ ಎಂದೂ ಅವನು ಗ್ರೀಕ್ ಭಾಷೆಯಿಂದ ಹೆಸರುಗಳನ್ನು ಎತ್ತಿಕೊಂಡನು. ಮೊದಲನೆಯದಕ್ಕೆ ಗಡ್ಡೆ, ಎರಡನೆಯದಕ್ಕೆ ಬೆಣೆ ಅಥವಾ ಬಿರಡೆ ಎಂದರ್ಥ. ನಮ್ಮ ಕನ್ನಡದಲ್ಲಿ ಹಾಲಿಗೂ ರಕ್ತಕ್ಕೂ ಹೆಪ್ಪು ಎಂಬ ಒಂದೇ ಮಾತಿದೆ. ಅಡಿಗೆಮನೆಯಲ್ಲಿ ರಾತ್ರಿ ಹಾಲಿಗೆ ಹೆಪ್ಪು ಹಾಕುವ ತಾಯಂದಿರಿಗೆ ಥ್ರಾಂಬಸ್ಸಿನ ಅರ್ಥವನ್ನು ತಿಳಿಸುವುದು ಬರ್ಲಿನ್ನಿನ ಪಂಡಿತರಿಗೆ ತಿಳಿಸುವುದಕ್ಕಿಂತ ಸುಲಭವೆಂದು ನನಗೆ ತೋರುತ್ತದೆ.

ಇದಕ್ಕೂ ಲಕ್ವಕ್ಕೂ ಸಂಬಂಧವೇನು? ಪುರಾತನ ಗ್ರೀಕರು ಈ ರೋಗಕ್ಕೆ ಇಟ್ಟ ಹೆಸರಿನ ಅರ್ಥ ಹೊಡೆತ ಎಂದು. ನಾವೂ ಲಕ್ವ ಹೊಡೆಯಿತು, ಪಾರ್ಶ್ವವಾಯು ಬಡಿಯಿತು ಎಂದೇ ಹೇಳುತ್ತೇವೆ. ಯಾವುದೋ ಗಾಳಿ, ಯಾವುದೋ ಕಾಣದ ಕೈ ಬಂದು ಹೊಡೆದಂತೆ. ೧೬೫೮ರಲ್ಲಿ ವೆಪ್ಫರ್ ಎಂಬ ಸ್ವಿಸ್ ವೈದ್ಯನು ಹೀಗೆ ಸತ್ತವರ ತಲೆಯೊಳಗೆ ರಕ್ತ ಸೋರಿರುವುದನ್ನು ತೋರಿಸಿದ್ದನು. ಆದರೆ ರಕ್ತ ಸೋರದೆಯೂ ಲಕ್ವ ಹೊಡೆಯುತ್ತದಲ್ಲ, ಅದೇಕೆ ಎಂಬುದು ಬಹುಮಟ್ಟಿಗೆ ಕತ್ತಲೆಯಲ್ಲಿತ್ತು. ವಿರ್ಚೋ ತನ್ನ ಬೆಣೆಯ ತತ್ತ್ವವನ್ನು ಧಮನಿಗಳಿಗೂ ವಿಸ್ತರಿಸಿ, ಹೃದಯದೊಳಗೆ ಹುಟ್ಟಿದ ಹೆಪ್ಪಿನ ಚೂರು ಮೆದುಳಿನ ಧಮನಿಗೆ ಹೋಗಿ ಸಿಕ್ಕಿಕೊಳ್ಳಬಹುದೆಂದು ತೋರಿಸಿದನು. ಮೆದುಳಿನ ಆ ಪಾಲಿಗೆ ರಕ್ತವಿಲ್ಲ. ರಕ್ತವಿಲ್ಲದ ಪಾಲು ಸಾಯುತ್ತದೆ. ಆ ಪಾಲು ಆಡಿಸುತ್ತಿದ್ದ ಕೈಕಾಲು ಬೀಳುತ್ತವೆ. ಹೊಡೆದದ್ದು ಗಾಳಿಯಲ್ಲ, ಒಂದು ಅಗುಳಿನಷ್ಟು ಹೆಪ್ಪು! ಅಗುಳಿನಷ್ಟು ಎಂದಮೇಲೆ ಅದು ಕೈಗೆ ಸಿಕ್ಕುವ ವಸ್ತು, ಕರಗಿಸಬಹುದು, ಕೀಳಬಹುದು. ಗಾಳಿಯನ್ನು ಏನು ಮಾಡಲಾದೀತು?

ಈ ಕೆಲಸ ನಡೆಯುತ್ತಿದ್ದಂತೆಯೇ, ೧೮೪೬ರಲ್ಲಿ ಅವನು ಫ್ರೋರೀಪನ ಸ್ಥಾನಕ್ಕೆ ಬಂದನು. ವಿಯೆನ್ನದ ಘನ ಪಂಡಿತ ರೊಕಿಟಾನ್ಸ್ಕಿಯು ರೋಗಗಳಿಗೆಲ್ಲ ರಕ್ತರಸದ ಕೆಡುಕೇ ಮೂಲವೆಂದು ಬರೆದ ಗ್ರಂಥವನ್ನು ಈ ಹುಡುಗನು ಎಳೆ ಎಳೆಯಾಗಿ ಖಂಡಿಸಿದಾಗ, ರೊಕಿಟಾನ್ಸ್ಕಿಯು ಮುಂದಿನ ಮುದ್ರಣದಲ್ಲಿ ಆ ಸಿದ್ಧಾಂತವನ್ನೇ ಬಿಟ್ಟನು. ಖಂಡಿಸಿದವನ ಧೈರ್ಯಕ್ಕಿಂತ ಬಿಟ್ಟವನ ದೊಡ್ಡತನವೇ ನನಗೆ ಹೆಚ್ಚೆನಿಸುತ್ತದೆ. ೧೮೪೭ರಲ್ಲಿ ಗೆಳೆಯ ರೈನ್‌ಹಾರ್ಟನೊಡನೆ ವಿರ್ಚೋ ತನ್ನದೇ ವೈದ್ಯಪತ್ರಿಕೆಯನ್ನು ಆರಂಭಿಸಿದನು. ಅದು ಅವನ ಹೆಸರಿನಲ್ಲಿಯೇ ಇಂದಿಗೂ ಹೊರಡುತ್ತಿದೆ.

೧೮೪೮ನೆಯ ಇಸವಿಯ ಫೆಬ್ರವರಿ ತಿಂಗಳಲ್ಲಿ ಅವನ ಬಾಳು ಇನ್ನೊಂದು ದಾರಿಯನ್ನು ಹಿಡಿಯಿತು. ಪ್ರಷ್ಯದ ಅಂಚಿನಲ್ಲಿದ್ದ ಮೇಲಣ ಸೈಲೀಷಿಯದಲ್ಲಿ ಬರಗಾಲ. ಅದರ ಹಿಂದೆಯೇ ಟೈಫಸ್ ಜ್ವರ. ಜನ ಸಾವಿರ ಸಾವಿರವಾಗಿ ಸಾಯುತ್ತಿದ್ದರು. ಅಲ್ಲಿದ್ದವರು ಬಹುಪಾಲು ಪೋಲಿಷ್ ಮಾತನಾಡುವ ಬಡ ರೈತರು ಮತ್ತು ಗಣಿಯ ಕೂಲಿಗಳು. ಪತ್ರಿಕೆಗಳಲ್ಲಿ ಗದ್ದಲವಾದ ಮೇಲೆ ಸರ್ಕಾರವು ವಿರ್ಚೋನನ್ನು ಇನ್ನೊಬ್ಬ ಹಿರಿಯ ಅಧಿಕಾರಿಯೊಡನೆ ಕಳುಹಿಸಿತು. ಮೂರು ವಾರಕ್ಕೂ ಕಡಮೆ ಕಾಲ ಅವನು ಗುಡಿಸಲು ಗುಡಿಸಲು ತಿರುಗಿದನು. ಅವರು ಏನು ತಿನ್ನುತ್ತಾರೆ, ಎಲ್ಲಿ ಮಲಗುತ್ತಾರೆ, ದಾರಿ ಹೇಗಿದೆ, ಭೂಮಿ ಯಾರದು, ಶಾಲೆಯಲ್ಲಿ ಯಾವ ಭಾಷೆಯಲ್ಲಿ ಪಾಠ ಹೇಳುತ್ತಾರೆ ಎಂಬುದನ್ನೆಲ್ಲ ಬರೆದುಕೊಂಡನು. ಸರ್ಕಾರವು ಎದುರುನೋಡಿದ್ದು ಇಂಥ ಔಷಧವನ್ನು ಕೊಡಿರಿ, ಮನೆಗಳಿಗೆ ಸುಣ್ಣ ಬಳಿಸಿರಿ ಎಂಬಂಥ ವರದಿಯನ್ನು. ವಿರ್ಚೋ ಕೊಟ್ಟದ್ದು ಬೇರೆ. ಈ ಜನಕ್ಕೆ ಪೂರ್ಣ ಪ್ರಜಾಪ್ರಭುತ್ವವನ್ನು ಕೊಡಬೇಕು, ಅವರ ಮಕ್ಕಳಿಗೆ ಅವರ ತಾಯಿನುಡಿಯಲ್ಲಿಯೇ ವಿದ್ಯೆಯನ್ನು ಕೊಡಬೇಕು, ರಸ್ತೆಗಳನ್ನು ಹಾಕಬೇಕು, ಬೇಸಾಯವನ್ನು ಸುಧಾರಿಸಬೇಕು. ಹಾಗೆ ಮಾಡದ ಹೊರತು ಟೈಫಸ್ ಮತ್ತೆ ಮತ್ತೆ ಬರುತ್ತದೆ ಎಂಬುದು ಆ ವರದಿಯ ತಿರುಳು. ರೋಗಕ್ಕೆ ಚೀಟಿ ಬರೆಯಬೇಕಾದ ವೈದ್ಯನು ರಾಜ್ಯಕ್ಕೇ ಚೀಟಿ ಬರೆದುಕೊಟ್ಟನು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಾನು ಆ ತಾಯಿನುಡಿಯ ಮಾತನ್ನು ಎರಡು ಸಲ ಓದಿದೆನು.

ಅವನು ಬರ್ಲಿನ್ನಿಗೆ ಮರಳುವ ವೇಳೆಗೆ ಅಲ್ಲಿ ಕ್ರಾಂತಿ. ಮಾರ್ಚ್ ತಿಂಗಳ ಬೀದಿಕಾಳಗದಲ್ಲಿ ಅವನೂ ಅಡ್ಡಗೋಡೆಗಳ ಹಿಂದೆ ಜನರೊಡನೆ ನಿಂತನು. ವೈದ್ಯ ಸುಧಾರಣೆಗೆಂದು ಒಂದು ವಾರಪತ್ರಿಕೆಯನ್ನು ನಡೆಸಿ, ವೈದ್ಯರು ಬಡವರ ವಕೀಲರೆಂಬ ವಾದವನ್ನು ಮುಂದಿಟ್ಟನು. ಕ್ರಾಂತಿ ಸೋತಿತು, ೧೮೪೯ರಲ್ಲಿ ಅವನ ಕೆಲಸಕ್ಕೂ ಸಂಚಕಾರ ಬಂದಿತು. ಆಗ ಬವೇರಿಯದ ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾನಿಲಯವು, ರಾಜಕೀಯದಿಂದ ದೂರವಿರಬೇಕೆಂಬ ಕರಾರಿನ ಮೇಲೆ, ಅವನನ್ನು ಪ್ರಾಧ್ಯಾಪಕನಾಗಿ ಕರೆಸಿಕೊಂಡಿತು. ೧೮೫೦ರಲ್ಲಿ ರೋಸ್ ಮೇಯರ್ ಎಂಬ ಕನ್ಯೆಯೊಡನೆ ವಿವಾಹವಾಯಿತು, ಆರು ಮಕ್ಕಳಾದರು. ಆ ಏಳು ವರ್ಷಗಳೇ ಅವನ ಶಾಸ್ತ್ರಜೀವನದ ಸುಗ್ಗಿ. ಇದೇ ವ್ಯೂರ್ಟ್ಸ್‌ಬುರ್ಗಿನಲ್ಲಿ ೧೮೯೫ರಲ್ಲಿ ರಂಟ್‌ಗೆನ್ ಎಂಬಾತನು ಎಕ್ಸ್‌ರೇ ಕಿರಣಗಳನ್ನು ಕಂಡುಹಿಡಿದನು. ಆ ಕಿರಣಗಳಿಲ್ಲದೆ ಮೆದುಳಿನ ಹೆಪ್ಪನ್ನು ಎಳೆಯುವ ಚಿಕಿತ್ಸೆ ಸಾಧ್ಯವೇ ಇಲ್ಲ. ಹೆಪ್ಪಿನ ತತ್ತ್ವವನ್ನು ಬೆಳೆಸಿದ ವಿದ್ಯಾಲಯವೂ ಅದನ್ನು ಕಾಣುವ ಕಣ್ಣನ್ನು ಕೊಟ್ಟ ವಿದ್ಯಾಲಯವೂ ಒಂದೇ ಆದದ್ದು ವಿಚಿತ್ರ.

೧೮೫೬ರಲ್ಲಿ ಬರ್ಲಿನ್ ಅವನನ್ನು ಮರಳಿ ಕರೆಯಿತು. ಅವನಿಗಾಗಿಯೇ ರೋಗಶಾಸ್ತ್ರದ ಒಂದು ಸಂಸ್ಥೆಯನ್ನು ಕಟ್ಟಿಸಿಕೊಟ್ಟಿತು. ಅದೇ ವರ್ಷ ಹೆಪ್ಪು ಮತ್ತು ಬೆಣೆಗಳ ಮೇಲಿನ ತನ್ನ ಬರಹಗಳನ್ನೆಲ್ಲ ಸೇರಿಸಿ ಪ್ರಕಟಿಸಿದನು. ಎರಡು ವರ್ಷಗಳ ನಂತರ, ೧೮೫೮ರಲ್ಲಿ, ಜೀವಕೋಶ ರೋಗಶಾಸ್ತ್ರದ ಇಪ್ಪತ್ತು ಉಪನ್ಯಾಸಗಳು ಹೊರಬಂದವು. ನಮ್ಮ ಪಠ್ಯದ ಆ ಒಂದು ಸಾಲಿನ ಮಾತು ಅಲ್ಲಿಯೂ ಇದೆ. ರಕ್ತದ ಹರಿವು ನಿಧಾನವಾಗುವುದು, ನಾಳದ ಗೋಡೆ ಕೆಡುವುದು, ರಕ್ತವೇ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಾಗಿ ಪಡೆಯುವುದು ಎಂಬ ಮೂರು ಕಾರಣಗಳನ್ನು ಇಂದಿಗೂ ವಿರ್ಚೋನ ತ್ರಿಕವೆಂದು ಕರೆಯುತ್ತಾರೆ. ೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ೧೯೩೦ರಲ್ಲಿ ನಮ್ಮ ಊರಿಗೆ ಬಂದ ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿರುವ ನನ್ನ ಗೆಳೆಯನೊಬ್ಬನು ಅದನ್ನು ಬೆರಳು ಮಡಿಸಿ ಒಪ್ಪಿಸುತ್ತಾನೆ. ತಮಾಷೆಯೆಂದರೆ, ವಿರ್ಚೋ ಅವನ್ನು ತ್ರಿಕವೆಂದು ಎಲ್ಲಿಯೂ ಕಟ್ಟಿಡಲಿಲ್ಲ. ಆತನು ಸತ್ತು ಬಹುಕಾಲವಾದ ಮೇಲೆ ಬೇರೆಯವರು ಕಟ್ಟಿದರು.

ಆತನ ಹೆಪ್ಪು ಇಪ್ಪತ್ತೊಂದನೆಯ ಶತಮಾನದಲ್ಲಿ ಎಲ್ಲಿಗೆ ಬಂದು ಮುಟ್ಟಿದೆಯೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ದೇಹದಲ್ಲಿಯೇ ಹೆಪ್ಪನ್ನು ಸಡಿಲಿಸುವ ಒಂದು ದ್ರವ್ಯವಿದೆ. ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಆಲ್ಟಿಪ್ಲೇಸ್ ಎಂಬ ಮದ್ದನ್ನಾಗಿ ಮಾಡಿದರು. ಲಕ್ವ ಹೊಡೆದ ಮೂರು ಗಂಟೆಗಳೊಳಗೆ ಅದನ್ನು ಚುಚ್ಚಿದರೆ ಹೆಚ್ಚು ಜನ ಅಂಗವೈಕಲ್ಯವಿಲ್ಲದೆ ಏಳುತ್ತಾರೆಂದು ೧೯೯೫ರಲ್ಲಿ ಅಮೆರಿಕದಲ್ಲಿ ೬೨೪ ರೋಗಿಗಳ ಮೇಲೆ ನಡೆದ ಪರೀಕ್ಷೆ ತೋರಿಸಿತು. ಆದರೆ ಮೆದುಳಿನೊಳಗೆ ರಕ್ತ ಸೋರುವ ಅಪಾಯವೂ ಇತ್ತು. ಮದ್ದು ಪಡೆದವರಲ್ಲಿ ನೂರಕ್ಕೆ ಆರಕ್ಕೂ ಸ್ವಲ್ಪ ಹೆಚ್ಚು ಜನರಲ್ಲಿ ಅದು ಕಾಣಿಸಿತು. ೨೦೦೮ರ ಮತ್ತೊಂದು ಪರೀಕ್ಷೆಯಿಂದ ಗಡುವು ನಾಲ್ಕೂವರೆ ಗಂಟೆಗೆ ಏರಿತು. ಇಷ್ಟಾದರೂ ಮದ್ದಿಗೆ ಒಂದು ಮಿತಿಯಿದೆ. ಸಣ್ಣ ನಾಳದ ಸಣ್ಣ ಹೆಪ್ಪು ಕರಗುತ್ತದೆ. ಮೆದುಳಿನ ಹೆದ್ದಾರಿಯಂಥ ದೊಡ್ಡ ಧಮನಿಯಲ್ಲಿ ಉದ್ದವಾಗಿ ಕೂತ ಹೆಪ್ಪು ಅನೇಕ ವೇಳೆ ಮದ್ದಿಗೆ ಜಗ್ಗುವುದಿಲ್ಲ.

ಅಂಥದನ್ನು ಎಳೆದೇ ತೆಗೆಯಬೇಕು. ಎಕ್ಸ್‌ರೇ ಪರದೆಯಲ್ಲಿ ನೋಡುತ್ತಾ ಕೊಳವೆಯನ್ನು ಮೇಲಕ್ಕೆ ನಡೆಸಿ, ಅದರೊಳಗಿಂದ ತಂತಿಯ ಜಾಳಿಗೆಯನ್ನು ಹೆಪ್ಪಿನೊಳಗೆ ಬಿಚ್ಚಿ, ಹೆಪ್ಪು ಜಾಳಿಗೆಗೆ ಸಿಕ್ಕಿಕೊಂಡ ಮೇಲೆ ಎರಡನ್ನೂ ಕೂಡಿ ಹಿಂದಕ್ಕೆಳೆಯುತ್ತಾರೆ; ಇಲ್ಲವೆ ಕೊಳವೆಯಿಂದಲೇ ಹೀರುತ್ತಾರೆ. ನೆದರ್ಲೆಂಡ್ಸಿನಲ್ಲಿ ೫೦೦ ರೋಗಿಗಳ ಮೇಲೆ ನಡೆದು ೨೦೧೫ರ ಆರಂಭದಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹೀಗೆ ಎಳೆಸಿಕೊಂಡವರ ಪೈಕಿ ನೂರಕ್ಕೆ ಸುಮಾರು ೩೩ ಮಂದಿ ಮೂರು ತಿಂಗಳಲ್ಲಿ ತಮ್ಮ ಕೆಲಸ ತಾವು ಮಾಡಿಕೊಳ್ಳುವಂತಾದರು. ಎಳೆಸಿಕೊಳ್ಳದವರಲ್ಲಿ ಹಾಗಾದವರು ೧೯ ಮಂದಿ. ಎರಡು ಪಂಗಡದಲ್ಲಿಯೂ ಬಹುತೇಕ ಎಲ್ಲರಿಗೂ ಮದ್ದನ್ನು ಮೊದಲೇ ಕೊಟ್ಟಿದ್ದರು.

ಅಲ್ಲಿಂದ ಮುಂದೆ ಒಂದು ಸ್ವಾರಸ್ಯವಾದ ವಾದ ಹುಟ್ಟಿತು. ಬಲೆಯೇ ಇಷ್ಟು ಚೆನ್ನಾಗಿ ಎಳೆಯುವುದಾದರೆ ಮದ್ದು ಬೇಕೆ? ಅದಕ್ಕೆ ಖರ್ಚು, ರಕ್ತ ಸೋರುವ ಭಯ ಬೇರೆ. ಮದ್ದಿನ ಪಕ್ಷದವರ ಉತ್ತರವೂ ಸರಿಯಾಗಿಯೇ ಇತ್ತು: ಬಲೆ ಸಿದ್ಧವಾಗುವುದಕ್ಕೆ ಹೊತ್ತು ಬೇಕು, ಅಷ್ಟರಲ್ಲಿ ಮದ್ದು ತನ್ನ ಕೆಲಸವನ್ನು ತೊಡಗಿರುತ್ತದೆ, ಎಳೆಯುವಾಗ ಹೆಪ್ಪಿನಿಂದ ಉದುರಿದ ಪುಡಿ ಸಣ್ಣ ಸಣ್ಣ ಕವಲುಗಳಿಗೆ ಹೋಗಿ ಕೂರುತ್ತದೆ, ಅಲ್ಲಿಗೆ ಬಲೆ ಹೋಗಲಾರದು, ಮದ್ದು ಹೋಗಬಲ್ಲದು. ಪುಡಿ ಮುರಿದು ತೇಲಿಹೋಗುತ್ತದೆಂಬ ಈ ಮಾತನ್ನು ಕೇಳಿದಾಗ ನನಗೆ ವಿರ್ಚೋನ ಮುರಿದ ತುದಿಯ ಹೆಪ್ಪು ನೆನಪಾಯಿತು. ಚೀಣ, ಜಪಾನ್, ಯೂರೋಪು, ಆಸ್ಟ್ರೇಲಿಯಗಳಲ್ಲಿ ಪರೀಕ್ಷೆಗಳು ನಡೆದವು. ಆರು ಪರೀಕ್ಷೆಗಳ ೨೩೧೩ ರೋಗಿಗಳನ್ನು ಒಟ್ಟುಗೂಡಿಸಿ ೨೦೨೩ರಲ್ಲಿ ನೋಡಿದಾಗ, ಬಲೆಯೊಂದೇ ಸಾಕೆಂದು ಸಾಧಿಸಲಾಗಲಿಲ್ಲ. ಮರುವರ್ಷ ಅದೇ ಲೆಕ್ಕವನ್ನು ಹೊತ್ತಿಗೆ ಹೊಂದಿಸಿ ನೋಡಿದರು. ರೋಗ ತೋರಿದ ಎರಡು ಗಂಟೆ ಇಪ್ಪತ್ತು ನಿಮಿಷದೊಳಗೆ ಮದ್ದು ಬಿದ್ದವರಲ್ಲಿ ಮಾತ್ರ ಅದರ ಹೆಚ್ಚಳ ಸ್ಪಷ್ಟವಾಗಿ ಕಂಡಿತು. ೨೦೨೫ರಲ್ಲಿ ಚೀಣದಲ್ಲಿ ೫೫೦ ರೋಗಿಗಳ ಮೇಲೆ ಟೆನೆಕ್ಟಿಪ್ಲೇಸ್ ಎಂಬ ಹೊಸ ಮದ್ದಿನಿಂದ ನಡೆದ ಪರೀಕ್ಷೆಯಲ್ಲಿ, ಮದ್ದೂ ಬಲೆಯೂ ಸೇರಿದಾಗ ನೂರಕ್ಕೆ ಸುಮಾರು ೫೩ ಮಂದಿ ಸ್ವತಂತ್ರವಾಗಿ ಬಾಳುವಂತಾದರು. ಬಲೆ ಮಾತ್ರವಾದಾಗ ೪೪. ರಕ್ತ ಸೋರುವ ಭಯವಿರುವವರಿಗೆ ಮದ್ದನ್ನು ಕೊಡುವಂತಿಲ್ಲ. ಉಳಿದವರಿಗೆ ಎರಡೂ ಇರಲಿ, ಆದರೆ ಬೇಗನೆ ಇರಲಿ ಎಂಬಲ್ಲಿಗೆ ವಾದ ಬಂದು ನಿಂತಿದೆ.

ಬೇಗನೆ ಎಂಬ ಈ ಮಾತು ನಮ್ಮ ಮನೆಯವರೆಗೂ ಬಂದ ಮಾತು. ಎರಡು ವರ್ಷಗಳ ಕೆಳಗೆ ನನ್ನ ತಾತ ಬೆಳಿಗ್ಗೆ ಹಸುವಿಗೆ ಹುಲ್ಲು ಹಾಕುತ್ತಿದ್ದವರು ಹಾಗೆಯೇ ಕುಸಿದರು. ಊರು ಮೈಸೂರಿಗೆ ಎಪ್ಪತ್ತು ಕಿಲೋಮೀಟರು. ಲಕ್ವಕ್ಕೆ ಪಾರಿವಾಳದ ರಕ್ತವನ್ನು ಹಚ್ಚಿ ಉಜ್ಜುವುದು ನಮ್ಮ ಕಡೆಯ ಹಳೆಯ ಪದ್ಧತಿ, ಮೊದಲು ಅದಾಯಿತು. ಮಧ್ಯಾಹ್ನ ಹತ್ತಿರದ ಊರಿನ ಆಸ್ಪತ್ರೆ. ಅಲ್ಲಿ ತಲೆಯ ಸ್ಕ್ಯಾನ್ ಇಲ್ಲ. ಮೈಸೂರು ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಈಚೆಗೆ ಕೆಲವರಲ್ಲಿ ಇಪ್ಪತ್ತನಾಲ್ಕು ಗಂಟೆಯವರೆಗೂ ಹೆಪ್ಪನ್ನು ಎಳೆಯಬಹುದೆಂದು ೨೦೧೮ರಲ್ಲಿ ತೋರಿಸಿದ್ದಾರೆ. ಆದರೆ ಅದು ಉಳಿಸಿಕೊಳ್ಳಬಹುದಾದ ಮೆದುಳು ಇನ್ನೂ ಇದ್ದವರಿಗೆ. ತಾತನ ಮೆದುಳಿನ ಆ ಪಾಲು ಆಗಲೇ ಸತ್ತಿತ್ತು. ಅವರು ಈಗಲೂ ಇದ್ದಾರೆ. ಬಲಗೈ ಏಳುವುದಿಲ್ಲ, ನನ್ನ ಹೆಸರಿಗೆ ಬಾಯಿ ತಿರುಗುವುದಿಲ್ಲ. ನನ್ನನ್ನು ಶಾಲೆಗೆ ಕೈಹಿಡಿದು ಕರೆದೊಯ್ದವರು ಅವರೇ.

ನಮ್ಮ ರಾಜ್ಯ ಸರ್ಕಾರವು ೨೦೨೩ರಲ್ಲಿ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಿತು. ಎದೆನೋವೆಂದು ತಾಲ್ಲೂಕು ಆಸ್ಪತ್ರೆಗೆ ಬಂದವನ ಇ.ಸಿ.ಜಿ. ತೆಗೆದು, ದೂರದ ಹೃದಯ ತಜ್ಞರಿಂದ ಖಚಿತಪಡಿಸಿಕೊಂಡು, ಅಲ್ಲಿಯೇ ಟೆನೆಕ್ಟಿಪ್ಲೇಸನ್ನು ಪುಕ್ಕಟೆಯಾಗಿ ಚುಚ್ಚುವ ಏರ್ಪಾಡು ಅದು. ಮೆದುಳಿಗೂ ಅದೇ ಮದ್ದು. ಹಾಗಾದರೆ ಲಕ್ವಕ್ಕೂ ಅಲ್ಲಿಯೇ ಚುಚ್ಚಬಾರದೇ ಎಂದು ಗೆಳೆಯನನ್ನು ಕೇಳಿದೆನು. ಹೃದಯಕ್ಕೆ ಇ.ಸಿ.ಜಿ. ಸಾಕು, ಮೆದುಳಿನಲ್ಲಿ ನಾಳ ಕಟ್ಟಿಕೊಂಡಿದೆಯೋ ಒಡೆದು ಸೋರುತ್ತಿದೆಯೋ ಎಂದು ಸ್ಕ್ಯಾನ್ ಮಾಡದೆ ತಿಳಿಯುವುದಿಲ್ಲ, ಸೋರುವವನಿಗೆ ಈ ಮದ್ದು ಬಿದ್ದರೆ ಪ್ರಾಣಕ್ಕೇ ಅಪಾಯ ಎಂದನು. ಆದ್ದರಿಂದ ಸ್ಕ್ಯಾನ್ ಯಂತ್ರ ಎಲ್ಲಿದೆ, ಅದನ್ನು ಓದುವವರು ರಾತ್ರಿ ಇರುತ್ತಾರೆಯೇ, ಅಲ್ಲಿಂದ ಬಲೆಯಿರುವ ಆಸ್ಪತ್ರೆಗೆ ವಾಹನವುಂಟೆ, ರಸ್ತೆ ಹೇಗಿದೆ ಎಂಬ ಪ್ರಶ್ನೆಗಳು ಬರುತ್ತವೆ. ಸೈಲೀಷಿಯದ ಗುಡಿಸಲುಗಳಲ್ಲಿ ವಿರ್ಚೋ ಬರೆದುಕೊಂಡದ್ದು ಇಂಥ ಪ್ರಶ್ನೆಗಳನ್ನೇ. ಹೆಪ್ಪಿನ ವಿರ್ಚೋ ಬೇರೆ, ರಾಜಕೀಯದ ವಿರ್ಚೋ ಬೇರೆ ಎಂದು ಕೆಲವರು ಬರೆಯುತ್ತಾರೆ. ನನಗೆ ಹಾಗೆ ತೋರುವುದಿಲ್ಲ.

ಬರ್ಲಿನ್ನಿಗೆ ಮರಳಿದ ಮೇಲೆ ಅವನು ಕರಾರಿನ ಬಾಯಿಬೀಗವನ್ನು ಕಳಚಿದನು. ೧೮೫೯ರಲ್ಲಿ ನಗರಸಭೆಯ ಸದಸ್ಯನಾದವನು ಸಾಯುವವರೆಗೂ, ಎಂದರೆ ನಲವತ್ತಕ್ಕೂ ಹೆಚ್ಚು ವರ್ಷ, ಆ ಸ್ಥಾನದಲ್ಲಿದ್ದನು. ಬೀದಿಯಲ್ಲಿ ಕೊಚ್ಚೆ ಹರಿಯುತ್ತಿದ್ದ ಬರ್ಲಿನ್ನಿಗೆ ಹೋಬ್ರೆಕ್ಟ್ ಎಂಬ ಎಂಜಿನಿಯರನೊಡಗೂಡಿ ನೆಲದಡಿಯ ಚರಂಡಿಗಳನ್ನು ಹಾಕಿಸಿದನು. ಹಂದಿಮಾಂಸದಿಂದ ಹರಡುವ ಹುಳುವಿನ ರೋಗವನ್ನು ಶೋಧಿಸಿ, ಮಾಂಸದ ತಪಾಸಣೆಗಾಗಿ ಹೋರಾಡಿದನು. ನಮ್ಮ ಮೈಸೂರಿನಲ್ಲಿ ಪ್ಲೇಗಿನ ಹಾವಳಿಯ ತರುವಾಯ ನಗರಾಭಿವೃದ್ಧಿ ಮಂಡಲಿ ಏರ್ಪಟ್ಟದ್ದು ೧೯೦೩ರಲ್ಲಿ, ವಿರ್ಚೋ ತೀರಿದ ಮರುವರ್ಷ. ಇಲ್ಲಿನ ಅಗಲವಾದ ಬೀದಿಗಳನ್ನು ಹೊಗಳುವವರು ಅವುಗಳ ಹಿಂದಿರುವ ಪ್ಲೇಗನ್ನು ನೆನೆಯುವುದು ಅಪರೂಪ.

ಪ್ರಷ್ಯದ ಶಾಸನಸಭೆಯಲ್ಲಿ ಅವನು ಬಿಸ್ಮಾರ್ಕನ ಸೈನ್ಯದ ಖರ್ಚನ್ನು ಎಡೆಬಿಡದೆ ವಿರೋಧಿಸಿದನು. ೧೮೬೫ರಲ್ಲಿ ಅವನ ಒಂದು ಮಾತಿಗೆ ಸಿಟ್ಟಾದ ಬಿಸ್ಮಾರ್ಕನು ದ್ವಂದ್ವಯುದ್ಧಕ್ಕೆ ಕರೆದನು, ವಿರ್ಚೋ ಒಪ್ಪಲಿಲ್ಲ. ಆಯುಧವಾಗಿ ಹುಳುವಿರುವ ಮಾಂಸವ್ಯಂಜನವನ್ನು ಆರಿಸಿಕೊಂಡನೆಂದು ಒಂದು ಕಥೆಯಿದೆ. ಕಥೆ ಚೆನ್ನಾಗಿದೆ, ಆಧಾರವಿಲ್ಲ.

ಇಷ್ಟು ದೊಡ್ಡವನ ಕಣ್ಣಿಗೂ ಮುಸುಕು ಕವಿದದ್ದುಂಟು. ಪ್ರಸವದ ಕೋಣೆಗೆ ಹೋಗುವ ಮುನ್ನ ವೈದ್ಯರು ಕೈತೊಳೆಯಬೇಕೆಂದ ಸೆಮ್ಮೆಲ್‌ವೈಸನನ್ನು ಅವನು ಒಪ್ಪಲಿಲ್ಲ. ರೋಗಾಣುಗಳೇ ರೋಗಕ್ಕೆ ಕಾರಣವೆಂದ ಕೋಖನನ್ನು ಬಹುಕಾಲ ಅನುಮಾನದಿಂದಲೇ ಕಂಡನು. ನಿಯಾಂಡರ್ತಾಲ್ ಕಣಿವೆಯ ತಲೆಬುರುಡೆಯನ್ನು ಪ್ರಾಚೀನ ಮಾನವನದೆಂದು ಒಪ್ಪದೆ, ರೋಗದಿಂದ ವಿಕಾರಗೊಂಡದ್ದೆಂದನು. ಗ್ರಂಥವನ್ನು ಪಕ್ಕಕ್ಕಿಟ್ಟು ಶವವನ್ನು ನೋಡಿದ ಹುಡುಗನು ಮುದಿತನದಲ್ಲಿ ತಾನೇ ಗ್ರಂಥವಾಗಿಬಿಟ್ಟನೇನೋ. ಆದರೆ ಇನ್ನೊಂದು ಕಡೆ ಅವನ ತಕ್ಕಡಿ ನೆಟ್ಟಗಿತ್ತು. ಜರ್ಮನರು ಶುದ್ಧ ಹೊಂಗೂದಲಿನ ಕುಲದವರೆಂಬ ಜಂಬ ಹಬ್ಬುತ್ತಿದ್ದಾಗ, ಸುಮಾರು ೬೭ ಲಕ್ಷ ಶಾಲಾ ಮಕ್ಕಳ ಕೂದಲು, ಕಣ್ಣು, ಚರ್ಮದ ಬಣ್ಣಗಳನ್ನು ಲೆಕ್ಕ ಹಾಕಿಸಿದನು. ಮೂರನೆಯ ಒಂದು ಪಾಲಿನಷ್ಟು ಮಕ್ಕಳೂ ಆ ಮಾದರಿಗೆ ಪೂರ್ತಿಯಾಗಿ ಹೊಂದಲಿಲ್ಲ. ಯೆಹೂದ್ಯರ ಮಕ್ಕಳಲ್ಲಿಯೂ ಹೊಂಗೂದಲಿನವರು ಇದ್ದರು. ೧೮೮೬ರಲ್ಲಿ ಇದನ್ನು ಪ್ರಕಟಿಸಿದನು. ಐವತ್ತು ವರ್ಷಗಳ ಮೇಲೆ ಅವನ ನಾಡು ಅದನ್ನು ಮರೆತು ಏನು ಮಾಡಿತೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ.

೧೮೯೯ರಲ್ಲಿ ತಾನು ಬಾಳುದ್ದಕ್ಕೂ ಕೂಡಿಹಾಕಿದ್ದ ಇಪ್ಪತ್ತು ಸಾವಿರಕ್ಕೂ ಮಿಕ್ಕ ರೋಗದ ಮಾದರಿಗಳಿಗಾಗಿ ಶಾರಿಟೆಯಲ್ಲಿ ಒಂದು ವಸ್ತುಸಂಗ್ರಹಾಲಯವನ್ನು ತೆರೆಸಿದನು. ೧೯೦೧ರಲ್ಲಿ ಎಂಬತ್ತು ತುಂಬಿತು. ನಾನಾ ದೇಶಗಳಿಂದ ವಿದ್ವಾಂಸರು ಬಂದು ಸನ್ಮಾನಿಸಿದರು. ಆಗಲೂ ಅವನು ಊರಿನಲ್ಲಿ ಓಡಾಡುತ್ತಿದ್ದುದು ಟ್ರ್ಯಾಮಿನಲ್ಲಿ. ೧೯೦೨ನೆಯ ಜನವರಿ ೪ರಂದು ಲೈಪ್ಜಿಗ್ ಬೀದಿಯಲ್ಲಿ, ಇನ್ನೂ ನಿಲ್ಲದ ಟ್ರ್ಯಾಮಿನಿಂದ ಹಾರಿ ಇಳಿಯಹೋಗಿ ಬಿದ್ದು ತೊಡೆಯ ಮೂಳೆಯನ್ನು ಮುರಿದುಕೊಂಡನು. ಮೂಳೆ ಮುರಿದು ತಿಂಗಳುಗಟ್ಟಲೆ ಮಲಗಿದ ಮುದುಕರ ಕಾಲಿನ ಸಿರೆಗಳಲ್ಲಿ ರಕ್ತ ಹೇಗೆ ನಿಲ್ಲುತ್ತದೆ, ಹೇಗೆ ಹೆಪ್ಪುಗಟ್ಟುತ್ತದೆ ಎಂಬುದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಊರಿನಲ್ಲಿ ಇರಲಿಲ್ಲ. ಬೇಸಗೆಯಲ್ಲಿ ಸ್ವಲ್ಪ ಚೇತರಿಸಿಕೊಂಡಂತೆ ಕಂಡರೂ ಮತ್ತೆ ಶಕ್ತಿ ಕುಂದಿತು. ಸೆಪ್ಟೆಂಬರ್ ೫ರಂದು ಪ್ರಾಣ ಹೋಯಿತು. ಬರ್ಲಿನ್ ನಗರವು ತನ್ನ ಹಳೆಯ ಸದಸ್ಯನನ್ನು ಮೆರವಣಿಗೆಯಲ್ಲಿ ಕೊಂಡೊಯ್ದು ಸೇಂಟ್ ಮ್ಯಾಥ್ಯೂ ಸ್ಮಶಾನದಲ್ಲಿ ಮಣ್ಣುಮಾಡಿತು. ಹನ್ನೊಂದು ವರ್ಷಗಳ ಮೇಲೆ ರೋಸ್ ಅಲ್ಲಿಗೆ, ಅವನ ಮಗ್ಗುಲಿಗೆ ಬಂದಳು.